ಮರುಕಳಿಸುವ ಅಂಡಾಶಯ ಕ್ಯಾನ್ಸರ್: ಅರ್ಧ ಶತಮಾನದ ಚಿಕಿತ್ಸೆ

ಅಂಡಾಶಯ ಕ್ಯಾನ್ಸರ್ ಹೆಚ್ಚಾಗಿ ಹೊಟ್ಟೆಯೊಳಗೆ ಹರಡಿದ ಮೇಲೆಯೇ ಪತ್ತೆಯಾಗುತ್ತದೆ. ಹೊಟ್ಟೆ ಉಬ್ಬರಿಸುವುದು, ಎರಡು ತುತ್ತಿಗೇ ಸಾಕೆನಿಸುವುದು ಮುಂತಾದ ಲಕ್ಷಣಗಳನ್ನು ಅಜೀರ್ಣವೆಂದು ಬಗೆದು ತಿಂಗಳುಗಳು ಕಳೆಯುತ್ತವೆ. ಮುಂದುವರಿದ ಹಂತದಲ್ಲೂ ಮೊದಲ ಚಿಕಿತ್ಸೆ ಬಹಳ ಮಂದಿಗೆ ಫಲಿಸುತ್ತದೆ. ಆದರೆ ಅವರಲ್ಲಿ ಬಹುಪಾಲು ಜನರಿಗೆ ಕಾಯಿಲೆ ಮರುಕಳಿಸುತ್ತದೆ. ಇಂದು ಬಳಕೆಯಲ್ಲಿರುವ ಮುಖ್ಯ ಔಷಧಿಗಳಲ್ಲಿ ಅನೇಕವು ಮೊದಲು ಪರೀಕ್ಷೆಗೊಳಗಾದದ್ದು ಹೀಗೆ ಕಾಯಿಲೆ ಮರಳಿದ ಮಹಿಳೆಯರಲ್ಲಿಯೇ.

1970ರ ದಶಕದವರೆಗೆ ಶಸ್ತ್ರಚಿಕಿತ್ಸೆಯ ನಂತರ ಮೆಲ್ಫಲಾನ್‌ನಂಥ ಮಾತ್ರೆ ಕೊಡಲಾಗುತ್ತಿತ್ತು. ಕಾಯಿಲೆ ಮರಳಿದರೆ ವೈದ್ಯರ ಬಳಿ ಹೆಚ್ಚೇನೂ ಉಳಿಯುತ್ತಿರಲಿಲ್ಲ. ಪ್ಲಾಟಿನಂ ವಿದ್ಯುದ್ವಾರಗಳಿಂದ ಬಿಡುಗಡೆಯಾದ ಸಂಯುಕ್ತಗಳು ಬ್ಯಾಕ್ಟೀರಿಯಾಗಳ ವಿಭಜನೆಯನ್ನು ತಡೆಯುತ್ತವೆಂದು 1965ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಬಾರ್ನೆಟ್ ರೋಸೆನ್‌ಬರ್ಗ್ ತಂಡ ವರದಿ ಮಾಡಿತು. ಅದರಿಂದ ಹುಟ್ಟಿದ ಸಿಸ್‌ಪ್ಲಾಟಿನ್‌ಗೆ 1978ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಔಷಧಿ ಗಡ್ಡೆಯನ್ನು ಕರಗಿಸುತ್ತಿತ್ತು, ಜೊತೆಗೆ ತೀವ್ರ ವಾಂತಿ ತರಿಸಿ ಮೂತ್ರಪಿಂಡ, ನರ, ಕಿವಿಗಳನ್ನೂ ಬಾಧಿಸುತ್ತಿತ್ತು. ಬ್ರಿಟನ್‌ನಲ್ಲಿ ರೂಪುಗೊಂಡ ಕಾರ್ಬೊಪ್ಲಾಟಿನ್ ಮೂತ್ರಪಿಂಡಕ್ಕೆ ಅಷ್ಟು ಕಠಿಣವಾಗಿರಲಿಲ್ಲ. 1990ರ ದಶಕದ ಆರಂಭದಲ್ಲಿ ಬಂದ ಒಂಡಾನ್ಸೆಟ್ರಾನ್ ವಾಂತಿಯನ್ನು ಹತೋಟಿಗೆ ತಂದಿತು. ಮತ್ತೆ ಮತ್ತೆ ಕೀಮೋಥೆರಪಿ (ಕೀಮೋ) ಪಡೆಯುವುದು ಸಾಧ್ಯವಾದದ್ದು ಈ ಎರಡರಿಂದ.

ಚಿಕಿತ್ಸೆ ಮುಗಿದು ಕಾಯಿಲೆ ಮರಳುವವರೆಗಿನ ಬಿಡುವು ದೀರ್ಘವಾಗಿದ್ದಷ್ಟೂ ಪ್ಲಾಟಿನಂ ಔಷಧಿಗೆ ಗಡ್ಡೆ ಮತ್ತೆ ಸ್ಪಂದಿಸುವ ಸಾಧ್ಯತೆ ಹೆಚ್ಚೆಂಬುದು ಅದೇ ಕಾಲಕ್ಕೆ ಸ್ಪಷ್ಟವಾಯಿತು. ಆರು ತಿಂಗಳೊಳಗೆ ಮರಳಿದರೆ ‘ಪ್ಲಾಟಿನಂ ನಿರೋಧಕ’, ಆ ಮೇಲೆ ಮರಳಿದರೆ ‘ಪ್ಲಾಟಿನಂ ಸಂವೇದಿ’ ಎಂಬ ವಿಂಗಡಣೆ ಬಂತು. ಆದರೆ ಕಾರ್ಬೊಪ್ಲಾಟಿನ್ ಅನ್ನು ಹಲವು ಸಲ ಪಡೆದವರಲ್ಲಿ ಅಲರ್ಜಿ ತಲೆದೋರುವುದುಂಟು; ಆಗ ಬೇರೆ ದಾರಿ ಹುಡುಕಬೇಕು.

ಆ ದಾರಿಗಳಲ್ಲಿ ಎರಡು ಮರಗಳಿಂದ ಬಂದವು. ಅಮೆರಿಕದ ವಾಯವ್ಯದ ಪೆಸಿಫಿಕ್ ಯೂ ಮರದ ತೊಗಟೆಯನ್ನು 1962ರಲ್ಲಿ ಸಂಗ್ರಹಿಸಲಾಯಿತು. ಅದರಲ್ಲಿದ್ದ ಪ್ಯಾಕ್ಲಿಟ್ಯಾಕ್ಸೆಲ್‌ನ ರಚನೆಯನ್ನು ಮನ್ರೋ ವಾಲ್ ಮತ್ತು ಮಹಾರಾಷ್ಟ್ರದ ನಂದುರ್ಬಾರ್ ಮೂಲದ ಮನ್ಸುಖ್ ವಾಣಿ 1971ರಲ್ಲಿ ಪ್ರಕಟಿಸಿದರು. ಬೇರೆ ಔಷಧಿಗಳು ಸೋತಿದ್ದ ಮಹಿಳೆಯರಲ್ಲಿ ಸುಮಾರು 30% ಮಂದಿಗೆ ಇದು ಫಲಿಸಿತೆಂದು 1989ರಲ್ಲಿ ವರದಿಯಾಯಿತು. 1992ರಲ್ಲಿ ಅನುಮತಿ ಸಿಕ್ಕಿತು. ಕೈಕಾಲುಗಳ ಜೋಮು ಇದರ ಬೆಲೆ. ಇದೇ ಇಬ್ಬರು ಚೀನಾ ಮೂಲದ ಮರವೊಂದರಿಂದ ಬೇರ್ಪಡಿಸಿದ್ದ ಕ್ಯಾಂಪ್ಟೊಥೆಸಿನ್‌ನಿಂದ ಟೊಪೊಟೆಕಾನ್ ತಯಾರಾಗಿ, 1996ರಲ್ಲಿ ಮರುಕಳಿಸಿದ ಕಾಯಿಲೆಗೆ ಬಂತು. ಪಶ್ಚಿಮ ಘಟ್ಟದ ನೊಥಾಪೊಡೈಟಿಸ್ ಮರದಲ್ಲೂ ಕ್ಯಾಂಪ್ಟೊಥೆಸಿನ್ ಇದೆ. ಬೇಡಿಕೆ ಏರಿದಂತೆ ಕರ್ನಾಟಕವೂ ಸೇರಿದಂತೆ ಘಟ್ಟದ ಕಾಡುಗಳಲ್ಲಿ ಆ ಮರಗಳಿಗೆ ಕೊಡಲಿ ಬಿತ್ತು.

ಚಿಕಿತ್ಸೆಗಳ ನಡುವಿನ ಬಿಡುವನ್ನು ಆಳಿದ್ದು ರಕ್ತಪರೀಕ್ಷೆಯ ಒಂದು ಅಂಕಿ. ರಾಬರ್ಟ್ ಬಾಸ್ಟ್ ಮತ್ತು ಸಂಗಡಿಗರು 1981ರಲ್ಲಿ ವಿವರಿಸಿದ ಪ್ರತಿಕಾಯದಿಂದ ಸಿಎ-125 ಪರೀಕ್ಷೆ ಹುಟ್ಟಿತು. ಸ್ಕ್ಯಾನ್‌ನಲ್ಲಿ ಏನೂ ಕಾಣದಿದ್ದರೂ ಅಂಕಿ ಏರಿದರೆ ಮನೆಯವರೆಲ್ಲರ ನಿದ್ದೆ ಕೆಡುತ್ತಿತ್ತು. ಅಂಕಿ ಏರಿದ ಕೂಡಲೇ ಕೀಮೋ ಆರಂಭಿಸುವುದರಿಂದ ಆಯುಷ್ಯ ಹೆಚ್ಚುವುದಿಲ್ಲ, ಬದುಕಿನ ನೆಮ್ಮದಿ ಮಾತ್ರ ಬೇಗ ಕುಂದುತ್ತದೆ ಎಂದು 2010ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ತೋರಿಸಿತು. ಲಕ್ಷಣಗಳಿಲ್ಲದಿದ್ದರೆ ಕಾಯುವುದೂ ಅಂದಿನಿಂದ ಆಧಾರವಿರುವ ಆಯ್ಕೆಯಾಯಿತು.

2014ರಲ್ಲಿ ಅಮೆರಿಕದಲ್ಲಿ ಈ ಕಾಯಿಲೆಗೆ ಎರಡು ಹೊಸ ಬಗೆಯ ಔಷಧಿಗಳಿಗೆ ಅನುಮತಿ ಸಿಕ್ಕಿತು: ಗಡ್ಡೆಗೆ ರಕ್ತನಾಳ ಬೆಳೆಯದಂತೆ ತಡೆಯುವ ಬೆವಾಸಿಝುಮ್ಯಾಬ್, ಮತ್ತು ಬಿಆರ್‌ಸಿಎ ವಂಶವಾಹಿ ದೋಷವಿರುವವರಿಗೆ ನುಂಗುವ ಔಷಧಿ ಒಲಾಪರಿಬ್. ಒಲಾಪರಿಬ್ ಮೊದಲು ಕನಿಷ್ಠ ಮೂರು ಸುತ್ತಿನ ಕೀಮೋ ಮುಗಿಸಿದವರಿಗಿತ್ತು. 2018ರಲ್ಲಿ ಮೊದಲ ಚಿಕಿತ್ಸೆಯ ನಂತರದ ನಿರ್ವಹಣೆಗೂ ಬಂತು. 2022ರಲ್ಲಿ ಆಯುಷ್ಯದ ಲೆಕ್ಕ ಪ್ರತಿಕೂಲವಾಗಿ ಕಂಡದ್ದರಿಂದ ತಡವಾದ ಹಂತದ ಬಳಕೆಯನ್ನು ತಯಾರಕರು ಹಿಂತೆಗೆದರು. ಮರುಶಸ್ತ್ರಚಿಕಿತ್ಸೆಯ ಕಥೆಯೂ ಹೀಗೆಯೇ ಏರಿಳಿತದ್ದು: 2019ರ ಅಧ್ಯಯನದಲ್ಲಿ ಲಾಭ ಕಾಣಲಿಲ್ಲ, ಎಚ್ಚರದಿಂದ ಆರಿಸಿದ ರೋಗಿಗಳಿಗೆ ಲಾಭವಿದೆಯೆಂದು 2021ರ ಇನ್ನೊಂದು ಅಧ್ಯಯನ ತೋರಿಸಿತು.

ಇಂದು ಪ್ರತಿ ಮರುಕಳಿಕೆಯಲ್ಲೂ ಬಿಡುವಿನ ಅವಧಿ, ವಂಶವಾಹಿ ಪರೀಕ್ಷೆ, ಹಿಂದಿನ ಅಡ್ಡಪರಿಣಾಮ ಮತ್ತು ರೋಗಿಯ ಇಚ್ಛೆಯನ್ನು ನೋಡಿ ಚಿಕಿತ್ಸೆ ಆರಿಸಲಾಗುತ್ತದೆ. ನೋವು, ಆಯಾಸ, ಕರುಳಿನ ಅಡಚಣೆಗಳಿಗಾಗಿ ಉಪಶಾಮಕ ಆರೈಕೆಯನ್ನು ಕೊನೆಗಾಲಕ್ಕೆ ಮೀಸಲಿಡದೆ ಚಿಕಿತ್ಸೆಯ ಜೊತೆಗೇ ಆರಂಭಿಸುವಂತೆ ಸಲಹೆ ನೀಡಲಾಗುತ್ತದೆ.