ಖಡ್ಗವೂ ಕಮ್ಮಾರನೂ: ತಿಂಥಣಿಯ ಹಿನ್ನೆಲೆಯಲ್ಲಿ ಒಂದು ತೌಲನಿಕ ವಿವೇಚನೆ

೧

ಕೃಷ್ಣಾ ನದಿಯ ಎಡದಂಡೆಯಲ್ಲಿ, ಸುರಪುರ ತಾಲ್ಲೂಕಿಗೆ ಸೇರಿದ ತಿಂಥಣಿ ಗ್ರಾಮವು ಮೌನೇಶ್ವರರ ಕ್ಷೇತ್ರವೆಂದು ಪ್ರಸಿದ್ಧವಾಗಿದೆ. ಪ್ರತಿವರ್ಷ ಮಾಘಮಾಸದ ಭಾರತ ಹುಣ್ಣಿಮೆಯ ಹೊತ್ತಿಗೆ ಇಲ್ಲಿ ನೆರೆಯುವ ಜಾತ್ರೆಗೆ ಹಿಂದೂ ಭಕ್ತರೂ ಮುಸಲ್ಮಾನ ಭಕ್ತರೂ ಬರುವರು. ಜನರು ಮೋನಪ್ಪಯ್ಯನೆಂದೂ ಮೌನುದ್ದೀನನೆಂದೂ ಕರೆಯುವ ಈ ಸಂತನ ಜಯಘೋಷದಲ್ಲಿ ಪೀರ, ಪೈಗಂಬರ ಎಂಬ ಪದಗಳೂ ಹರಹರ ಮಹಾದೇವ ಎಂಬ ಉದ್ಗಾರವೂ ಒಂದೇ ಉಸಿರಿನಲ್ಲಿ ಬರುತ್ತವೆ. ಆದುದರಿಂದಲೇ ವಿದ್ವಾಂಸರು ಈ ಕ್ಷೇತ್ರವನ್ನು ಬಹುಮಟ್ಟಿಗೆ ಮತಸಮನ್ವಯದ ದೃಷ್ಟಿಯಿಂದ ವಿವೇಚಿಸುತ್ತ ಬಂದಿದ್ದಾರೆ. ಆ ದೃಷ್ಟಿ ಯುಕ್ತವಾದುದೇ. ಆದರೆ ತಿಂಥಣಿಗೆ ಇನ್ನೊಂದು ಮುಖವಿದೆ. ಸಮೀಪದ ದೇವರಗೋನಾಲದಲ್ಲಿ ಜನಿಸಿ, ಆದಿಲ್‌ಶಾಹಿ ಅರಸರ ಕಾಲದಲ್ಲಿ ಬಾಳಿದನೆಂದು ನಂಬಲಾಗಿರುವ ಮೌನೇಶ್ವರನು ಪಾಂಚಾಳ ಅಥವಾ ವಿಶ್ವಕರ್ಮ ಕುಲದವನು. ಕಬ್ಬಿಣ, ಮರ, ಕಂಚು, ಕಲ್ಲು, ಚಿನ್ನ ಎಂಬ ಐದು ದ್ರವ್ಯಗಳಲ್ಲಿ ಕೆಲಸ ಮಾಡುವ ಕಸಬುದಾರರಿಗೆ ಅವನು ಗುರುವಿನ ಸ್ಥಾನದಲ್ಲಿರುವನು.

ಕುಲದ ಪರಂಪರೆಯಂತೆ ವಿಶ್ವಕರ್ಮನ ಐವರು ಮಕ್ಕಳಲ್ಲಿ ಮೊದಲನೆಯವನಾದ ಮನುವಿನದು ಕಬ್ಬಿಣದ ಕಸಬು. ನೇಗಿಲಿನ ಕುಳವೂ ಯೋಧನ ಕತ್ತಿಯೂ ಹುಟ್ಟುವುದು ಒಂದೇ ಕುಲುಮೆಯಲ್ಲಿ. ಶಸ್ತ್ರವನ್ನು ಮಾಡಬಲ್ಲ ಒಂದು ಕುಲವು ತನ್ನ ನೆನಪನ್ನು ಶಸ್ತ್ರದಲ್ಲಿ ಕಾಯ್ದಿಡದೆ ಒಬ್ಬ ಸಂತನ ಸನ್ನಿಧಿಯಲ್ಲಿ ಕಾಯ್ದಿಟ್ಟುದೇಕೆ ಎಂಬ ಪ್ರಶ್ನೆಯನ್ನು ನಾವು ಈ ಲೇಖನದಲ್ಲಿ ಎತ್ತಿಕೊಳ್ಳುತ್ತೇವೆ. ಖಡ್ಗವನ್ನೇ ಕುಲದ ಮತ್ತು ದೇಶದ ನೆನಪನ್ನಾಗಿ ಮಾಡಿಕೊಂಡ ಜಪಾನಿನ ನಿದರ್ಶನವನ್ನು ಪಕ್ಕದಲ್ಲಿಟ್ಟು ನೋಡಿದರೆ ನಮ್ಮ ನಾಡಿನ ವಿಶೇಷವು ಸ್ಪಷ್ಟವಾಗುವುದೆಂದು ನಮ್ಮ ಅಭಿಪ್ರಾಯ.

೨

ಮೊದಲು ತಿಂಥಣಿಯ ಸುತ್ತಣ ನೆಲವನ್ನು ಗಮನಿಸಬೇಕು. ನದಿಯನ್ನು ದಾಟಿದರೆ ರಾಯಚೂರು ದೋ‌ಆಬು. ವಿಜಯನಗರ ಮತ್ತು ಬಹಮನಿ ಅರಸರಿಗೂ, ಅನಂತರ ವಿಜಯನಗರ ಮತ್ತು ಬಿಜಾಪುರದ ಅರಸರಿಗೂ ಇದು ಎಡೆಬಿಡದ ಕಲಹದ ನೆಲವಾಗಿದ್ದಿತು. ೧೫೨೦ರಲ್ಲಿ ಕೃಷ್ಣದೇವರಾಯನು ಇಸ್ಮಾಯಿಲ್ ಆದಿಲ್‌ಶಾಹನನ್ನು ಸೋಲಿಸಿ ರಾಯಚೂರು ಕೋಟೆಯನ್ನು ಹಿಡಿದನು. ೧೫೬೫ರ ಜನವರಿಯಲ್ಲಿ ವಿಜಯನಗರದ ವೈಭವವನ್ನು ಮುಗಿಸಿದ ಯುದ್ಧವು ಇದೇ ಕೃಷ್ಣೆಯ ಮೇಲ್ಭಾಗದಲ್ಲಿ, ರಕ್ಕಸಗಿ–ತಂಗಡಗಿಗಳ ಪರಿಸರದಲ್ಲಿ ನಡೆಯಿತು. ೧೭೦೫ರಲ್ಲಿ ವೃದ್ಧನಾದ ಔರಂಗಜೇಬನು ಸುರಪುರದ ಬೇಡ ನಾಯಕರ ವಾಗಿನಗೇರಿ ಕೋಟೆಗೆ ಸ್ವತಃ ಬಂದು ಮುತ್ತಿಗೆ ಹಾಕಿದನು. ಅದು ಆ ಚಕ್ರವರ್ತಿ ತಾನೇ ನಿಂತು ನಡೆಸಿದ ಕೊನೆಯ ಮುತ್ತಿಗೆ. ಕೋಟೆಯು ಏಪ್ರಿಲ್ ತಿಂಗಳಲ್ಲಿ ಬಿದ್ದಿತಾದರೂ ಪೀಡಿ ನಾಯಕನು ಕೈಗೆ ಸಿಕ್ಕಲಿಲ್ಲ. ೧೮೫೮ರ ಫೆಬ್ರವರಿಯಲ್ಲಿ ಬ್ರಿಟಿಷ್ ಸೇನೆಯು ಸುರಪುರವನ್ನು ಮುತ್ತಿತು. ತರುಣ ರಾಜನಾದ ವೆಂಕಟಪ್ಪ ನಾಯಕನು ಸೆರೆಸಿಕ್ಕಿ, ಚೆಂಗಲ್‌ಪಟ್ಟಿಗೆ ಒಯ್ಯುತ್ತಿದ್ದಾಗ ದಾರಿಯಲ್ಲಿ ಗುಂಡಿಗೆ ಬಲಿಯಾದನು. ೧೮೬೦ರಲ್ಲಿ ಸಂಸ್ಥಾನವು ನಿಜಾಮನಿಗೆ ಸೇರಿತು.

ಮೂರುವರೆ ಶತಮಾನಗಳ ಈ ಯುದ್ಧಗಳ ವೃತ್ತಾಂತದಲ್ಲಿ ಅರಸರು, ಸರದಾರರು, ಬೇಡ ಬಂದೂಕುಗಾರರು ಎಲ್ಲರೂ ಬರುತ್ತಾರೆ. ೧೮೪೧ರಿಂದ ೧೮೫೩ರ ವರೆಗೆ ಸುರಪುರದಲ್ಲಿದ್ದ ಮೆಡೋಸ್ ಟೇಲರನು ತನ್ನ ಆತ್ಮಕಥೆಯಲ್ಲಿ ಬೇಡರ ಶೌರ್ಯವನ್ನೂ ಹಠವನ್ನೂ ವಿವರವಾಗಿ ಬರೆದಿದ್ದಾನೆ. ಆದರೆ ಆ ಕತ್ತಿಗಳಿಗೆ ಹದ ಕೊಟ್ಟವರು, ಬಂದೂಕುಗಳನ್ನು ದುರಸ್ತಿ ಮಾಡಿದವರು, ಕುದುರೆಗಳಿಗೆ ಲಾಳ ಬಡಿದವರು ಯಾರು? ಕಮ್ಮಾರನಿಲ್ಲದೆ ಯಾವ ಸೈನ್ಯವೂ ಒಂದು ಗಾವುದ ನಡೆಯಲಾರದು. ಆದರೂ ಚರಿತ್ರೆಯ ಪುಟದಲ್ಲಿ ಅವನಿಗೆ ಹೆಸರಿಲ್ಲ.

೩

ಈಗ ಜಪಾನಿನ ಕಡೆಗೆ ತಿರುಗೋಣ. ಅಲ್ಲಿಯ ಖಡ್ಗಕ್ಕೆ ಬೇಕಾದ ಉಕ್ಕನ್ನು ಇಜುಮೊ ಪ್ರಾಂತದ ಕಪ್ಪು ಮರಳಿನಿಂದ, 'ತತಾರ' ಎಂಬ ಮಣ್ಣಿನ ಕುಲುಮೆಯಲ್ಲಿ ಇದ್ದಲಿನೊಡನೆ ಕಾಯಿಸಿ ತೆಗೆಯುತ್ತಿದ್ದರು. ಕಮ್ಮಾರನು ಆ ಉಕ್ಕನ್ನು ಮತ್ತೆ ಮತ್ತೆ ಮಡಿಸಿ ಬಡಿದು, ಅಂಚಿಗೆ ಮಣ್ಣಿನ ತೆಳು ಲೇಪವನ್ನೂ ಬೆನ್ನಿಗೆ ದಪ್ಪ ಲೇಪವನ್ನೂ ಬಳಿದು, ಕಾಯಿಸಿ ನೀರಿಗೆ ಅದ್ದುವನು. ಅಂಚು ಬೇಗ ತಣಿದು ಗಡುಸಾಗುವುದು, ಬೆನ್ನು ಮೆಲ್ಲನೆ ತಣಿದು ಬಾಗುವ ಗುಣವನ್ನು ಉಳಿಸಿಕೊಳ್ಳುವುದು. ಕುಲುಮೆಯ ಮನೆಗೆ ಹುಲ್ಲಿನ ಹಗ್ಗವನ್ನು ಕಟ್ಟಿ ಅದನ್ನು ಪವಿತ್ರಸ್ಥಾನವೆಂದು ಭಾವಿಸುವ ಪದ್ಧತಿಯೂ ಉಂಟು. ಖಡ್ಗವು ಸಿದ್ಧವಾದ ಮೇಲೆ ಅದನ್ನು ಮಾಡಿದವನು ಹಿಡಿಯೊಳಗೆ ಸೇರುವ ಬುಡದ ಭಾಗದಲ್ಲಿ ತನ್ನ ಹೆಸರನ್ನು ಕೆತ್ತುವನು. ಹೊರಗೆ ಕಾಣದ ಈ ಹೆಸರೇ ಖಡ್ಗದ ಬೆಲೆಯನ್ನು ನಿರ್ಣಯಿಸುವುದು. ಹೊನ್‌ಅಮಿ ಎಂಬ ಮನೆತನದವರು ತಲೆಮಾರುಗಳವರೆಗೆ ಖಡ್ಗಗಳನ್ನು ಪರೀಕ್ಷಿಸಿ, ಇದು ಇಂತಹವನ ಕೈಕೆಲಸವೆಂದು ಪ್ರಮಾಣಪತ್ರ ಕೊಡುವುದನ್ನೇ ವೃತ್ತಿಯನ್ನಾಗಿ ಮಾಡಿಕೊಂಡಿದ್ದರು.

ಅಲ್ಲಿಯೂ ಖಡ್ಗಕ್ಕೆ ಸಂಕಟಗಳು ಬಂದವು. ೧೫೮೮ರಲ್ಲಿ ಹಿದೆಯೊಷಿಯು ರೈತರ ಕೈಯಲ್ಲಿದ್ದ ಶಸ್ತ್ರಗಳನ್ನೆಲ್ಲ ವಶಪಡಿಸಿಕೊಳ್ಳುವಂತೆ ಆಜ್ಞೆ ಹೊರಡಿಸಿದನು. ಆ ಕಬ್ಬಿಣವು ಮಹಾಬುದ್ಧನ ಮಂದಿರದ ಮೊಳೆಗಳಿಗೆ ವಿನಿಯೋಗವಾಗುವುದೆಂದು ಅದರಲ್ಲಿ ಸಮಾಧಾನವನ್ನೂ ಹೇಳಲಾಗಿತ್ತು. ೧೮೭೬ರ ಶಾಸನವು ಸಾಮುರಾಯಿಗಳೂ ಖಡ್ಗ ಧರಿಸಕೂಡದೆಂದು ವಿಧಿಸಿತು. ಕಮ್ಮಾರರು ಅಡಿಗೆಮನೆಯ ಕತ್ತಿಗಳನ್ನೂ ಒಕ್ಕಲುತನದ ಸಲಕರಣೆಗಳನ್ನೂ ಮಾಡಿ ಜೀವಿಸಬೇಕಾಯಿತು. ೧೯೪೫ರ ಸೋಲಿನ ಅನಂತರ ಖಡ್ಗಗಳು ರಾಶಿರಾಶಿಯಾಗಿ ಮುಟ್ಟುಗೋಲಾದವು. ಆದರೆ ಖಡ್ಗವು ಆಯುಧವಲ್ಲ, ಕಲಾಕೃತಿ ಎಂಬ ವಾದವು ಗೆದ್ದಿತು. ೧೯೪೮ರಲ್ಲಿ ಅದರ ಸಂರಕ್ಷಣೆಗಾಗಿ ಒಂದು ಸಂಘವು ಸ್ಥಾಪಿತವಾಯಿತು. ಅದರ ಪ್ರಯತ್ನದಿಂದ ೧೯೭೭ರಲ್ಲಿ ಷಿಮಾನೆ ಪ್ರಾಂತದಲ್ಲಿ ತತಾರ ಕುಲುಮೆಯು ಮತ್ತೆ ಹೊತ್ತಿತು. ಹೀಗೆ ಬಳಕೆ ತಪ್ಪಿದ ಮೇಲೂ ವಸ್ತು ಉಳಿಯಿತು, ವಸ್ತುವಿನೊಡನೆ ಅದನ್ನು ಮಾಡಿದವನ ಹೆಸರೂ ಉಳಿಯಿತು.

೪

ನಮ್ಮ ದೇಶದ ಉಕ್ಕು ಜಪಾನಿನ ಉಕ್ಕಿಗಿಂತ ಕಡಿಮೆಯದೇನೂ ಅಲ್ಲ. ೧೭೯೫ರಲ್ಲಿ ಜಾರ್ಜ್ ಪಿಯರ್ಸನನು ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ 'ವೂಟ್ಸ್' ಎಂಬ ಹೆಸರಿನಿಂದ ವರ್ಣಿಸಿದ ಉಕ್ಕು ದಕ್ಷಿಣ ಭಾರತದ್ದು. ಆ ಹೆಸರು ಕನ್ನಡದ 'ಉಕ್ಕು' ಶಬ್ದದ ಅಪಭ್ರಂಶವೆಂದು ಹಲವು ವಿದ್ವಾಂಸರ ಮತ. ಕಬ್ಬಿಣದ ತುಂಡುಗಳನ್ನು ಸೌದೆ ಎಲೆಗಳೊಡನೆ ಮಣ್ಣಿನ ಮೂಸೆಯಲ್ಲಿ ಮುಚ್ಚಿ ಕಾಯಿಸಿ ಈ ಉಕ್ಕನ್ನು ಪಡೆಯುತ್ತಿದ್ದರು. ೧೮೦೦–೦೧ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಬುಕಾನನನು ಈ ಕೆಲಸವನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಹೈದರಾಬಾದು ಸಂಸ್ಥಾನದ ಕೋನಸಮುದ್ರಕ್ಕೆ ಇರಾನಿನ ಇಸ್ಫಹಾನ್‌ನಿಂದ ವರ್ತಕರು ಬಂದು ಉಕ್ಕನ್ನು ಕೊಳ್ಳುತ್ತಿದ್ದರೆಂದು ವಾಯ್ಸಿಯ ವರದಿಯಿಂದ ತಿಳಿಯುತ್ತದೆ. ಆದರೆ ಗಟ್ಟಿಯ ರೂಪದಲ್ಲಿ ಪರದೇಶಕ್ಕೆ ಹೋದ ಈ ಉಕ್ಕಿನಿಂದಾದ ಖಡ್ಗಗಳಿಗೆ ಲೋಕವು ಕೊಟ್ಟ ಹೆಸರು ಡಮಾಸ್ಕಸ್. ಮಾಡಿದವನ ಹೆಸರು ಮಾತ್ರವಲ್ಲ, ಮಾಡಿದ ನಾಡಿನ ಹೆಸರೂ ಅಳಿದುಹೋಯಿತು.

ನಾಡಿನಲ್ಲೇ ಉಳಿದ ಶಸ್ತ್ರಗಳ ಗತಿ ಏನಾಯಿತು? ರಾಯಚೂರಿಗೆ ದಕ್ಷಿಣದಲ್ಲಿರುವ ಆದವಾನಿಯ ಕೋಟೆಯು ಮೊಗಲರ ವಶವಾದಾಗ ಬಿಕಾನೇರಿನ ಅನೂಪಸಿಂಹನ ಪಾಲಿಗೆ ಬಂದ ಶಸ್ತ್ರಗಳು ಇದಕ್ಕೆ ಉತ್ತಮ ನಿದರ್ಶನ. ಅವುಗಳ ಮೇಲೆ ಚುಕ್ಕೆಗಳಿಂದ ಕುಟ್ಟಿದ ನಾಗರೀ ಅಕ್ಷರಗಳಿವೆ. ಗೆದ್ದ ಅರಸನ ಹೆಸರು, ಆದವಾನಿ ಎಂಬ ಸ್ಥಳನಾಮ, ೧೬೮೯ಕ್ಕೆ ಸಮನಾದ ಸಂವತ್ಸರ ಇಷ್ಟೂ ಅಲ್ಲಿವೆ. ಕಮ್ಮಾರನ ಹೆಸರು ಅಲ್ಲಿಲ್ಲ. ಖಡ್ಗವು ಯಾರದು ಎಂಬುದು ಮುಖ್ಯವಾಯಿತೇ ಹೊರತು ಯಾರ ಕೈಯದು ಎಂಬುದು ಮುಖ್ಯವಾಗಲಿಲ್ಲ.

ನಮ್ಮ ಕಸಬುದಾರರಿಗೆ ಹೆಸರಿನ ಆಸೆಯೇ ಇರಲಿಲ್ಲವೆಂದು ಇದರಿಂದ ತೀರ್ಮಾನಿಸುವುದು ಸರಿಯಲ್ಲ. ಬೇಲೂರಿನ ವಿಗ್ರಹಗಳ ಕೆಳಗೆ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ಹೆಸರನ್ನು ಕೆತ್ತಿದ್ದಾರೆ. ಮಲ್ಲಿತಮ್ಮನ ಹೆಸರು ಹೊಯ್ಸಳ ದೇವಾಲಯಗಳಲ್ಲಿ ಅನೇಕ ಕಡೆ ದೊರೆಯುತ್ತದೆ. ಒಂದೇ ಪಾಂಚಾಳ ವರ್ಗದಲ್ಲಿ ಕಲ್ಲಿನವನು ಹೆಸರು ಬರೆದುದಕ್ಕೂ ಕಬ್ಬಿಣದವನು ಬರೆಯದುದಕ್ಕೂ ಕಾರಣವು ಸ್ವಭಾವಭೇದವಲ್ಲ, ಅವರ ಕೆಲಸವು ನಡೆದ ವ್ಯವಸ್ಥೆಯ ಭೇದವೆಂದು ನಮಗೆ ತೋರುತ್ತದೆ. ಶಿಲ್ಪಿಯು ಊರೂರು ಅಲೆದು, ತನ್ನನ್ನು ಅರಿಯದ ಜನರ ನಡುವೆ ಕೆಲಸ ಮಾಡುತ್ತಿದ್ದನು. ಕಮ್ಮಾರನಾದರೋ ಊರಿನ ಹನ್ನೆರಡು ಆಯಗಾರರಲ್ಲಿ ಒಬ್ಬನು. ಕುಳವನ್ನು ಕಾಯಿಸಿ ಬಡಿದುದಕ್ಕೂ ಕುಡುಗೋಲಿಗೆ ಕಕ್ಕು ಹಾಕಿದುದಕ್ಕೂ ಅವನಿಗೆ ಕೂಲಿಯಿಲ್ಲ, ಸುಗ್ಗಿಯಲ್ಲಿ ಕಣದಿಂದ ಆಯವುಂಟು. ಊರವರೆಲ್ಲ ಅವನನ್ನು ಬಲ್ಲರು, ಅವನ ಕೈಕೆಲಸ ಅವನ ಕಣ್ಣೆದುರಿಗೇ ಸವೆಯುವುದು. ಇಲ್ಲಿ ಹೆಸರು ಕೆತ್ತುವ ಅಗತ್ಯವೆಲ್ಲಿಯದು? ಜಪಾನಿನ ಖಡ್ಗವು ಕೈಯಿಂದ ಕೈಗೆ ಉಡುಗೊರೆಯಾಗಿ, ಬೆಲೆಯುಳ್ಳ ಸೊತ್ತಾಗಿ ಸಂಚರಿಸಿದುದರಿಂದ ಅದಕ್ಕೆ ರುಜು ಬೇಕಾಯಿತು. ಪರಿಚಯವಿದ್ದೆಡೆ ರುಜು ಬೇಕಾಗದು.

೫

ಹಾಗಾದರೆ ಆಯಗಾರ ಕಮ್ಮಾರನು ತನ್ನ ಊರಿನ ಎಲ್ಲೆಯನ್ನು ಮೀರಿ 'ನಾವು' ಎಂದು ಹೇಳಿಕೊಳ್ಳುವುದು ಎಲ್ಲಿ? ಒಂದೊಂದು ಊರಿನಲ್ಲಿ ಒಂದೆರಡು ಮನೆಗಳಾಗಿ ಚದುರಿದ ಕುಲವು ತಾನೊಂದು ಕುಲವೆಂದು ಅರಿಯಲು ಕೂಡುವ ಸ್ಥಳವೊಂದು ಬೇಕು. ತಿಂಥಣಿಯು ಅಂತಹ ಸ್ಥಳ. ಅಲ್ಲಿ ಕುಲದ ನೆನಪು ವಸ್ತುವಿನಲ್ಲಿಲ್ಲ, ಗುರುವಿನ ಹೆಸರಿನಲ್ಲಿಯೂ ವರ್ಷಕ್ಕೊಮ್ಮೆ ಕೂಡುವ ವಾಡಿಕೆಯಲ್ಲಿಯೂ ಇದೆ.

ಈ ವ್ಯತ್ಯಾಸದ ಫಲವನ್ನು ಶಸ್ತ್ರಗಳು ಹೋದ ಕಾಲದಲ್ಲಿ ಕಾಣಬಹುದು. ೧೮೫೭ರ ನಿಶ್ಶಸ್ತ್ರೀಕರಣ ಕಾಯಿದೆಯನ್ನು ಮುಧೋಳ ಸೀಮೆಯ ಹಲಗಲಿಯ ಬೇಡರು ಪ್ರತಿಭಟಿಸಿದರು. ನವೆಂಬರ್ ತಿಂಗಳಲ್ಲಿ ಊರನ್ನು ಸುಡಲಾಯಿತು, ಹಲವರನ್ನು ಗಲ್ಲಿಗೇರಿಸಲಾಯಿತು. ಫ್ಲೀಟನು ಸಂಗ್ರಹಿಸಿದ ಲಾವಣಿಯು ಆ ದುರಂತವನ್ನು ಇಂದಿಗೂ ನಮ್ಮ ಮುಂದಿಡುತ್ತದೆ. ಹಿಡಿದವನಿಗೆ ಆಯುಧವು ಮಾನದ ಪ್ರಶ್ನೆಯಾಗಿತ್ತು, ಅದು ಹೋದರೆ ತಾನೂ ಹೋದಂತೆ. ಮಾಡಿದವನಿಗೆ ಹಾಗಾಗಲಿಲ್ಲ. ಕತ್ತಿಯು ಹೋದರೂ ಕುಳ ಉಳಿಯಿತು, ಕುಲುಮೆ ಉಳಿಯಿತು, ತಿಂಥಣಿಯ ಹುಣ್ಣಿಮೆಯೂ ಉಳಿಯಿತು. ಅಷ್ಟೇ ಅಲ್ಲದೆ, ಪರಸ್ಪರ ಕಾದಾಡಿದ ಎರಡು ಮತಗಳ ಅರಸರಿಗೂ ಬೇಕಾಗಿದ್ದ ಕಸಬುದಾರರ ಗುರುವು ಎರಡು ಹೆಸರುಗಳಿಂದ ಕರೆಸಿಕೊಂಡುದು ಕೇವಲ ಆಕಸ್ಮಿಕವಲ್ಲವೆಂದು ನಾವು ಊಹಿಸುತ್ತೇವೆ. ಇದು ಊಹೆಯೇ ಹೌದು. ಆದರೆ ಯುದ್ಧಭೂಮಿಯ ನಡುವೆ ಕಸಬು ಮಾಡಿ ಬದುಕಿದವರಿಗೆ ಯಾವ ಪಕ್ಷವೂ ಪರಪಕ್ಷವಾಗದಂತಹ ಗುರುವು ಸಹಜವಾಗಿ ಬೇಕಾಗಿದ್ದನು.

೬

ಜಪಾನಿನ ಕ್ರಮವು ಮೇಲೆಂದೂ ನಮ್ಮದು ಕೀಳೆಂದೂ ಹೇಳುವುದು ನಮ್ಮ ಉದ್ದೇಶವಲ್ಲ, ಅದರ ವಿಪರ್ಯಯವೂ ಅಲ್ಲ. ಎರಡರಲ್ಲಿಯೂ ನಷ್ಟವುಂಟು. ವಸ್ತುವನ್ನು ಕಾಯ್ದ ಜಪಾನಿನಲ್ಲಿ ಪ್ರಸಿದ್ಧರ ಹೆಸರು ಉಳಿದು, ರೈತರಿಗಾಗಿ ಕುಡುಗೋಲು ಬಡಿದ ಸಾವಿರಾರು ಕಮ್ಮಾರರು ಅಲ್ಲಿಯೂ ಮರೆಗೆ ಸಂದರು. ಗುರುವನ್ನು ಕಾಯ್ದ ನಮ್ಮಲ್ಲಿ ಕುಲವು ಉಳಿಯಿತು, ವಿದ್ಯೆಯು ಜಾರಿಹೋಯಿತು. ಮೂಸೆಯ ಉಕ್ಕನ್ನು ಮಾಡುವ ಕ್ರಮವನ್ನು ಇಂದು ನಾವು ನಮ್ಮ ಕಮ್ಮಾರರ ಬಾಯಿಂದಲ್ಲ, ಬುಕಾನನ್ ಮತ್ತು ವಾಯ್ಸಿಯವರ ಬರಹದಿಂದ ಕಲಿಯಬೇಕಾಗಿದೆ. ೨೦೨೩ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರವು ವಿಶ್ವಕರ್ಮನ ಹೆಸರಿನಲ್ಲಿ ಆರಂಭಿಸಿದ ಯೋಜನೆಯ ಹದಿನೆಂಟು ಕಸಬುಗಳ ಪಟ್ಟಿಯಲ್ಲಿ ಕಮ್ಮಾರನೊಡನೆ ಶಸ್ತ್ರಕಾರನೂ ಸೇರಿದ್ದಾನೆ. ಪಟ್ಟಿಯಲ್ಲಿ ಕಸಬಿನ ಹೆಸರು ಸೇರುವುದು ಒಳ್ಳೆಯದೇ. ಆದರೆ ಕಸಬಿನ ಅರಿವು ಪಟ್ಟಿಯಿಂದ ಮರಳಿ ಬಾರದು.

ಆದುದರಿಂದ ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಲ್ಲಿ ಒಂದು ಸೂಚನೆ. ಶಾಸನಗಳನ್ನೂ ಕೋಟೆಗಳನ್ನೂ ನೋಡಲು ಸುರಪುರದ ಕಡೆಗೆ ಹೋಗುವವರು ತಿಂಥಣಿಯ ಜಾತ್ರೆಗೂ ಹೋಗಲಿ. ಅಲ್ಲಿ ಕೂಡುವ ವೃದ್ಧ ಕಸಬುದಾರರಿಂದ ತಿದಿ, ಅಡಿಗಲ್ಲು, ಇಕ್ಕಳ, ಚಮ್ಮಟಿಗೆ ಮೊದಲಾದ ಸಲಕರಣೆಗಳ ಹೆಸರುಗಳನ್ನೂ, ಕಾದ ಕಬ್ಬಿಣದ ಬಣ್ಣವನ್ನು ನೋಡಿ ಹದವನ್ನು ಅರಿಯುವ ಕ್ರಮವನ್ನೂ, ಆಯದ ಲೆಕ್ಕವನ್ನೂ ಕೇಳಿ ಬರೆದುಕೊಳ್ಳಲಿ. ಹೇಳಿದವರ ಒಪ್ಪಿಗೆಯನ್ನು ಪಡೆದು ಅವರ ಹೆಸರು, ಊರು, ವಯಸ್ಸುಗಳನ್ನು ಟಿಪ್ಪಣಿಯ ತಲೆಯಲ್ಲಿ ಮೊದಲು ಬರೆಯಲಿ. ಕತ್ತಿಯ ಬುಡದಲ್ಲಿ ನಮ್ಮ ಕಮ್ಮಾರನು ಬರೆಯದೆ ಬಿಟ್ಟ ಹೆಸರಿಗೆ ವಿದ್ಯಾರ್ಥಿಯ ಟಿಪ್ಪಣಿಯಲ್ಲಾದರೂ ಸ್ಥಳ ದೊರೆಯಬೇಕು.