ಸಾಲ್ಸ್‌ಬರಿಯೂ ಹರಿಹರವೂ

ಯೂರೋಪ್ ಖಂಡವನ್ನು ಸಂಚರಿಸಿ ಬಂದವರು ಅಲ್ಲಿನ ಹಿಮಪರ್ವತಗಳನ್ನೂ ಸರೋವರಗಳನ್ನೂ ವರ್ಣಿಸುವುದು ವಾಡಿಕೆ. ಆ ಸೊಬಗನ್ನು ಕುರಿತು ಸಾಕಷ್ಟು ಮಂದಿ ಹೇಳಿರುವುದರಿಂದ, ಅಲ್ಲಿನ ಹಳೆಯ ಕಟ್ಟಡಗಳಿಗೆ ಸಂಬಂಧಿಸಿದ ಒಂದು ಸಂಗತಿಯನ್ನು ಮಾತ್ರ ಈ ಹೊತ್ತು ಶ್ರೋತೃಗಳ ಮುಂದಿಡುತ್ತೇನೆ.

ಫ್ರಾನ್ಸ್ ದೇಶದ ಅಮಿಯೆನ್ಸ್ ಪಟ್ಟಣದ ಮಹಾ ಕ್ರೈಸ್ತ ದೇವಾಲಯವು ಆರಂಭವಾದುದು ೧೨೨೦ರಲ್ಲಿ. ಇಂಗ್ಲೆಂಡಿನ ಸಾಲ್ಸ್‌ಬರಿ ದೇವಾಲಯಕ್ಕೆ ಅಸ್ತಿಭಾರ ಹಾಕಿದುದೂ ಅದೇ ವರ್ಷ. ಶಾಮನೂರಿನಿಂದ ಹತ್ತು ಮೈಲಿಯಷ್ಟು ದೂರವಿರುವ ಹರಿಹರದಲ್ಲಿ, ಹೊಯ್ಸಳ ಇಮ್ಮಡಿ ನರಸಿಂಹನ ಮಂತ್ರಿಯೂ ದಂಡನಾಯಕನೂ ಆಗಿದ್ದ ಪೋಲಾಳ್ವನು ಹರಿಹರೇಶ್ವರನ ಗುಡಿಯನ್ನು ಕಟ್ಟಿಸಿದುದು ೧೨೨೪ರ ಸುಮಾರಿನಲ್ಲಿ. ಒಬ್ಬರ ಹೆಸರನ್ನೊಬ್ಬರು ಕೇಳಿರದ ಕಲ್ಲುಕುಟಿಗರು ಭೂಮಿಯ ಎರಡು ಕಡೆಗಳಲ್ಲಿ ಏಕಕಾಲಕ್ಕೆ ಉಳಿ ಹಿಡಿದಿದ್ದರು.

ಅಮಿಯೆನ್ಸಿನ ಒಳಚಾವಣಿ ನೆಲದಿಂದ ಸುಮಾರು ೧೪೦ ಅಡಿ ಎತ್ತರದಲ್ಲಿದೆ. ಅಲ್ಲಿ ಎಲ್ಲರೂ ತಲೆಯೆತ್ತಿ ನೋಡುವರು. ನೆಲವನ್ನೂ ನೋಡುವುದು ಲೇಸು. ಕಪ್ಪು ಬಿಳುಪು ಕಲ್ಲುಗಳ ಚಕ್ರವ್ಯೂಹವೊಂದನ್ನು ೧೨೮೮ರಲ್ಲಿ ಅಲ್ಲಿ ಹಾಸಿ, ಅದರ ನಡುವೆ ಮೂವರು ಶಿಲ್ಪಾಚಾರ್ಯರ ಹೆಸರುಗಳನ್ನು ಬರೆಯಿಸಿದರು. ಈಗಿರುವ ಹಾಸು ಹತ್ತೊಂಬತ್ತನೆಯ ಶತಮಾನದಲ್ಲಿ ಪುನಃ ಮಾಡಿದುದು.

ಸಾಲ್ಸ್‌ಬರಿಯ ಕಥೆ ಬೇರೆ. ಅಲ್ಲಿನ ಮೊದಲ ದೇವಾಲಯವಿದ್ದುದು ಎರಡು ಮೈಲಿ ಆಚೆಗೆ, ‘ಹಳೆಯ ಸಾರಂ’ ಎಂಬ ದಿಬ್ಬದ ಮೇಲೆ. ದಿಬ್ಬದ ಮೇಲೆಯೇ ಅರಸನ ಕೋಟೆ. ಗಾಳಿಯ ಹೊಡೆತ ಬಲು ಜೋರು, ನೀರಿಗೆ ತತ್ವಾರ. ಇವೆಲ್ಲಕ್ಕಿಂತ ಮಿಗಿಲಾಗಿ ಪಾದ್ರಿಗಳಿಗೂ ಕೋಟೆಯ ಸಿಪಾಯಿಗಳಿಗೂ ತೀರದ ಜಗಳ. ಕಡೆಗೆ ಬಿಷಪ್ ರಿಚರ್ಡ್ ಪೂರ್ ಪೋಪರ ಅಪ್ಪಣೆ ಪಡೆದು, ದೇವರನ್ನೇ ಕೆಳಗಿನ ಏವನ್ ನದಿಯ ಬಯಲಿಗೆ ಕರೆದು ತಂದನು. ದಿಬ್ಬದಿಂದ ಬಿಟ್ಟ ಬಾಣವೊಂದು ಜಿಂಕೆಗೆ ತಗುಲಿ, ಅದು ಓಡಿ ಬಿದ್ದ ಸ್ಥಳದಲ್ಲಿ ಗುಡಿ ಎದ್ದಿತೆಂದು ಜನ ಹೇಳುವರು. ಸ್ಥಳಪುರಾಣದ ಚಪಲ ನಮ್ಮ ದೇಶಕ್ಕೆ ಮಾತ್ರ ಸೇರಿದುದಲ್ಲ! ಮುಖ್ಯ ಕಟ್ಟಡವು ೩೮ ವರ್ಷಗಳಲ್ಲಿ ಮುಗಿಯಿತು. ಮುಂದಿನ ಶತಮಾನದಲ್ಲಿ ಏರಿಸಿದ ಶಿಖರದ ತುದಿ ೪೦೪ ಅಡಿ. ಅದರ ಭಾರಕ್ಕೆ ಕೆಳಗಿನ ಕಂಬಗಳು ಬಾಗಿರುವುದು ಬರಿಗಣ್ಣಿಗೇ ಕಾಣುತ್ತದೆ. ಹಳೆಯ ಸಾರಂನಲ್ಲಿ ಈಗ ಹುಲ್ಲಿನ ನಡುವೆ ಗುಡಿಯ ತಳಪಾಯದ ಗುರುತು ಮಾತ್ರ ಉಳಿದಿದೆ.

ಹರಿಹರದ ಗುಡಿಯ ಹಿಂದೆಯೂ ಒಂದು ಕಲಹದ ನೆರಳಿದೆ. ಹರಿ ದೊಡ್ಡವನೋ ಹರ ದೊಡ್ಡವನೋ ಎಂಬ ವಾದ ಕರ್ಣಾಟಕದಲ್ಲಿ ಬಿಸಿಯಾಗಿದ್ದ ಕಾಲವದು. ತುಂಗಭದ್ರೆಯೂ ಹರಿದ್ರೆಯೂ ಕೂಡುವ ಆ ಕೂಡಲೂರಿನಲ್ಲಿ ಇಬ್ಬರನ್ನೂ ಒಂದೇ ಮೂರ್ತಿಯಾಗಿ, ಬಲಭಾಗ ಹರ, ಎಡಭಾಗ ಹರಿ ಎಂದು ನಿಲ್ಲಿಸಿದರು. ಇಬ್ಬರಲ್ಲಿ ಒಬ್ಬನಿಂದ ಸಾಯದ ವರ ಪಡೆದಿದ್ದ ಗುಹಾಸುರನನ್ನು ಕೊಲ್ಲಲು ದೇವರು ಈ ರೂಪ ತಾಳಿದನೆಂಬುದು ಪುರಾಣ. ಸಾಲ್ಸ್‌ಬರಿಯವರು ಜಗಳವಾಡಿದವರಿಂದ ದೂರ ಸರಿದು ಕಟ್ಟಿದರು. ಪೋಲಾಳ್ವನು ವಾದಿ ಪ್ರತಿವಾದಿಗಳಿಬ್ಬರೂ ಬಂದು ಕೈಮುಗಿಯಬೇಕಾದಂತೆ ಕಟ್ಟಿಸಿದನು. ನನಗೆ ಎರಡನೆಯ ಕೆಲಸವೇ ಕಠಿಣವಾಗಿ ತೋರುತ್ತದೆ. ಒಂದು ವಿಗ್ರಹದಿಂದ ಮತಕಲಹ ನಿಂತಿತೆಂದು ಮಾತ್ರ ಹೇಳಲಾಗದು. ೧೩೬೮ರಲ್ಲಿಯೂ ಬುಕ್ಕರಾಯನು ಜೈನರಿಗೂ ಶ್ರೀವೈಷ್ಣವರಿಗೂ ರಾಜಿ ಮಾಡಿಸಬೇಕಾಯಿತಷ್ಟೆ.

ಎತ್ತರದಲ್ಲಿ ಹರಿಹರವು ಸಾಲ್ಸ್‌ಬರಿಗೆ ಸಮನಲ್ಲ. ಮೂಲ ಶಿಖರವೂ ಉಳಿದಿಲ್ಲ. ಈಗಿರುವುದು ಇಟ್ಟಿಗೆ ಗಾರೆಯದು. ಆದರೆ ವಿಶಾಲವಾದ ರಂಗಮಂಟಪದೊಳಗೆ ನಿಂತು, ಬುಗುರಿಯಂತೆ ಕಡೆದ ನುಣುಪಾದ ಕಂಬಗಳನ್ನು ಮುಟ್ಟಿ ನೋಡಬೇಕು. ೧೨೬೮ರಲ್ಲಿ ಮುಮ್ಮಡಿ ನರಸಿಂಹನ ದಂಡನಾಯಕ ಸೋಮನು ಗುಡಿಯನ್ನು ಇನ್ನಷ್ಟು ಬೆಳೆಸಿದನು. ಸೋಮನಾಥಪುರವನ್ನು ಕಟ್ಟಿಸಿದವನೂ ಅವನೇ. ಗುಡಿಯ ಶಿಲಾಶಾಸನಗಳು ಅನೇಕ. ರೈಸ್ ಸಾಹೇಬರು ಅವುಗಳನ್ನು ೧೯೦೩ರಲ್ಲಿ ಚಿತ್ರದುರ್ಗ ಜಿಲ್ಲೆಯ ಶಾಸನಸಂಪುಟದಲ್ಲಿ ಅಚ್ಚು ಹಾಕಿಸಿದ್ದಾರೆ. ಶಾಮನೂರಿನಿಂದ ಬೆಳಗ್ಗೆ ಹೊರಟವರು ಪುಸ್ತಕವನ್ನು ಕೈಯಲ್ಲಿ ಹಿಡಿದು ಕಲ್ಲನ್ನು ಓದಿ, ಮಧ್ಯಾಹ್ನದ ಊಟಕ್ಕೆ ಮನೆ ಸೇರಬಹುದು.