ಶರಣಾಗತಿ

ಶರಣಾಗತಿ ಅಥವಾ ಪ್ರಪತ್ತಿ ಎಂಬುದು ಶ್ರೀವೈಷ್ಣವ ಸಂಪ್ರದಾಯದಲ್ಲಿ ಮೋಕ್ಷಕ್ಕೆ ಸಾಧನವೆಂದು ಹೇಳಲಾಗಿರುವ ಮಾರ್ಗ. ತನ್ನನ್ನು ತಾನೇ ರಕ್ಷಿಸಿಕೊಳ್ಳಲಾರೆನೆಂದು ಅರಿತ ಜೀವನು ಆ ಹೊಣೆಯನ್ನು ಭಗವಂತನಲ್ಲಿ ಇರಿಸುವುದು ಇದರ ತಿರುಳು. ಭಾರವನ್ನು ಒಪ್ಪಿಸುವ ಕ್ರಿಯೆಯಾದ್ದರಿಂದ ಇದಕ್ಕೆ ನ್ಯಾಸ, ಭರನ್ಯಾಸ ಎಂಬ ಹೆಸರುಗಳೂ ಇವೆ. ಜಾತಿ, ಲಿಂಗ, ವಿದ್ಯೆಗಳ ಭೇದವಿಲ್ಲದೆ ಎಲ್ಲರಿಗೂ ಇದರಲ್ಲಿ ಅಧಿಕಾರವಿದೆ ಎಂದು ಆಚಾರ್ಯರು ಹೇಳುತ್ತಾರೆ.

ಆಧಾರಗಳು

ಭಗವದ್ಗೀತೆಯ 18ನೆಯ ಅಧ್ಯಾಯದ 66ನೆಯ ಶ್ಲೋಕವನ್ನು ಈ ಸಂಪ್ರದಾಯದಲ್ಲಿ ‘ಚರಮ ಶ್ಲೋಕ’ವೆಂದು ಕರೆದು ಶರಣಾಗತಿಗೆ ಮುಖ್ಯ ಪ್ರಮಾಣವಾಗಿ ಪರಿಗಣಿಸಲಾಗಿದೆ. ವಾಲ್ಮೀಕಿ ರಾಮಾಯಣದ ಯುದ್ಧಕಾಂಡದಲ್ಲಿ ಸುಗ್ರೀವನ ವಿರೋಧವಿದ್ದರೂ ರಾಮನು ವಿಭೀಷಣನಿಗೆ ಅಭಯವಿತ್ತ ಪ್ರಸಂಗ ಇದರ ಪ್ರಸಿದ್ಧ ನಿದರ್ಶನ. ಯಾಮುನಾಚಾರ್ಯರ ಸ್ತೋತ್ರರತ್ನದಲ್ಲಿ ಈ ಭಾವ ಸ್ಪಷ್ಟವಾಗಿ ಕಾಣುತ್ತದೆ. ರಾಮಾನುಜಾಚಾರ್ಯರು ಶ್ರೀರಂಗದಲ್ಲಿ ಪಂಗುನಿ ಉತ್ತರದ ದಿನ ದಿವ್ಯದಂಪತಿಗಳ ಸನ್ನಿಧಿಯಲ್ಲಿ ಶರಣಾಗತಿ ಗದ್ಯವನ್ನು ನಿವೇದಿಸಿದರೆಂಬುದು ಸಂಪ್ರದಾಯದ ನಂಬಿಕೆ.

ಆರು ಅಂಗಗಳು

ಪಾಂಚರಾತ್ರ ಆಗಮದ ಅಹಿರ್ಬುಧ್ನ್ಯ ಸಂಹಿತೆ ಹಾಗೂ ಲಕ್ಷ್ಮೀ ತಂತ್ರಗಳಲ್ಲಿ ಶರಣಾಗತಿಯನ್ನು ಆರು ವಿಧವಾಗಿ ವಿವರಿಸಲಾಗಿದೆ.

1. ಆನುಕೂಲ್ಯ ಸಂಕಲ್ಪ: ಭಗವಂತನಿಗೆ ಪ್ರಿಯವಾದಂತೆ ನಡೆಯುವ ನಿಶ್ಚಯ.
2. ಪ್ರಾತಿಕೂಲ್ಯ ವರ್ಜನ: ಅವನಿಗೆ ಅಪ್ರಿಯವಾದುದನ್ನು ಬಿಡುವುದು.
3. ಮಹಾವಿಶ್ವಾಸ: ಅವನು ಖಂಡಿತವಾಗಿ ಕಾಪಾಡುವನೆಂಬ ನಂಬಿಕೆ.
4. ಗೋಪ್ತೃತ್ವ ವರಣ: ರಕ್ಷಕನಾಗೆಂದು ಅವನನ್ನೇ ಬೇಡಿಕೊಳ್ಳುವುದು.
5. ಆತ್ಮನಿಕ್ಷೇಪ: ತನ್ನನ್ನೂ ತನ್ನ ಹೊಣೆಯನ್ನೂ ಒಪ್ಪಿಸುವುದು.
6. ಕಾರ್ಪಣ್ಯ: ತನಗೆ ಬೇರೆ ಗತಿಯಿಲ್ಲವೆಂಬ ದೈನ್ಯ.

ವೇದಾಂತ ದೇಶಿಕರ ಪ್ರಕಾರ ಇವುಗಳಲ್ಲಿ ಆತ್ಮನಿಕ್ಷೇಪವು ಅಂಗಿ, ಉಳಿದ ಐದು ಅದರ ಅಂಗಗಳು.

ವಿಶ್ವಾಸ ಮತ್ತು ಕಷ್ಟ

ಶರಣಾದವನಿಗೆ ಕಷ್ಟವೇ ಬರುವುದಿಲ್ಲವೆಂದು ಈ ಸಿದ್ಧಾಂತ ಹೇಳುವುದಿಲ್ಲ. ಪ್ರಪನ್ನರಲ್ಲಿ ಎರಡು ಬಗೆ: ಸಂಸಾರವನ್ನು ಕ್ಷಣಮಾತ್ರವೂ ತಾಳಲಾರದೆ ಕೂಡಲೇ ಬಿಡುಗಡೆ ಬಯಸುವವನು ಆರ್ತ, ಈ ದೇಹವಿರುವವರೆಗೆ ಕಾದಿರುವವನು ದೃಪ್ತ. ದೃಪ್ತನು ತನ್ನ ಪ್ರಾರಬ್ಧ ಕರ್ಮದ ಫಲವನ್ನು ಅನುಭವಿಸಲೇಬೇಕು. ನಿತ್ಯದ ಕರ್ತವ್ಯಗಳಿಂದಲೂ ಅವನಿಗೆ ವಿನಾಯಿತಿಯಿಲ್ಲ. ಅವನು ಬಿಡಬೇಕಾದುದು ಕೆಲಸವನ್ನಲ್ಲ, ತನ್ನ ರಕ್ಷಣೆಗೆ ತಾನೇ ಕಾರಣನೆಂಬ ಅಭಿಮಾನವನ್ನು.

ಮಾನವ ಪ್ರಯತ್ನಕ್ಕೆ ಎಷ್ಟು ಸ್ಥಾನವೆಂಬ ಪ್ರಶ್ನೆಯಲ್ಲಿ ಎರಡು ಕವಲುಗಳಾದವು. ಮರಿಕೋತಿ ತಾಯಿಯನ್ನು ಬಿಗಿಯಾಗಿ ಹಿಡಿಯುವಂತೆ ಜೀವನ ಕಡೆಯಿಂದ ಒಂದು ನೆಪಮಾತ್ರದ ಪ್ರಯತ್ನವಾದರೂ ಬೇಕೆಂಬುದು ವಡಗಲೆಯವರ ಮರ್ಕಟ ನ್ಯಾಯ. ತಾಯಿಬೆಕ್ಕು ತಾನೇ ಮರಿಯನ್ನು ಕಚ್ಚಿ ಒಯ್ಯುವಂತೆ ಭಗವಂತನ ಕೃಪೆ ಯಾವ ಕಾರಣವನ್ನೂ ಬಯಸದೆಂಬುದು ತೆಂಗಲೆಯವರ ಮಾರ್ಜಾಲ ನ್ಯಾಯ. ಮೊದಲನೆಯದಕ್ಕೆ ವೇದಾಂತ ದೇಶಿಕರ, ಎರಡನೆಯದಕ್ಕೆ ಪಿಳ್ಳೈ ಲೋಕಾಚಾರ್ಯರ ಗ್ರಂಥಗಳು ಆಧಾರ.

ಶ್ರೀರಂಗದ ಸಂಕಟ

ಈ ಇಬ್ಬರು ಆಚಾರ್ಯರೂ ತಮ್ಮ ಉಪದೇಶವನ್ನು ಒಂದೇ ವಿಪತ್ತಿನಲ್ಲಿ ಬದುಕಿ ತೋರಬೇಕಾಯಿತು. 14ನೆಯ ಶತಮಾನದ ಪೂರ್ವಾರ್ಧದಲ್ಲಿ ದೆಹಲಿ ಸುಲ್ತಾನರ ಸೈನ್ಯ ಶ್ರೀರಂಗವನ್ನು ಮುತ್ತಿದಾಗ, ವೃದ್ಧರಾಗಿದ್ದ ಲೋಕಾಚಾರ್ಯರು ರಂಗನಾಥನ ಉತ್ಸವಮೂರ್ತಿಯೊಡನೆ ದಕ್ಷಿಣಕ್ಕೆ ಹೊರಟು, ಮಧುರೆಯ ಸಮೀಪದ ಜ್ಯೋತಿಷ್ಕುಡಿಯಲ್ಲಿ ದೇಹ ಬಿಟ್ಟರು. ದೇಶಿಕರು ಶ್ರೀಭಾಷ್ಯದ ವ್ಯಾಖ್ಯಾನವಾದ ಶ್ರುತಪ್ರಕಾಶಿಕೆಯ ಪ್ರತಿಯನ್ನೂ ಅದರ ಕರ್ತೃ ಸುದರ್ಶನ ಸೂರಿಗಳ ಇಬ್ಬರು ಮಕ್ಕಳನ್ನೂ ಉಳಿಸಿಕೊಂಡು ಕನ್ನಡ ನಾಡಿಗೆ ಬಂದರೆಂದು ಗುರುಪರಂಪರೆಯ ಕಥನಗಳು ಹೇಳುತ್ತವೆ. ಕಾವೇರಿ ತೀರದ ಸತ್ಯಾಗಾಲದಲ್ಲಿ (ಇಂದಿನ ಚಾಮರಾಜನಗರ ಜಿಲ್ಲೆ) ನೆಲೆಸಿದ್ದಾಗ ಅವರು ಶ್ರೀರಂಗವು ಭಯದಿಂದ ಮುಕ್ತವಾಗಲೆಂದು ಬೇಡುವ ಅಭೀತಿಸ್ತವವನ್ನು ರಚಿಸಿದರೆಂಬ ಪ್ರತೀತಿಯಿದೆ. ರಂಗನಾಥನ ಮೂರ್ತಿ ಹಲವೆಡೆ ಅಲೆದು, ತಿರುಮಲೆಯಲ್ಲಿಯೂ ಇದ್ದು, ವಿಜಯನಗರದ ಗೋಪಣಾರ್ಯನ ಮೂಲಕ 1371ರಲ್ಲಿ ಶ್ರೀರಂಗಕ್ಕೆ ಮರಳಿತು.

ಇದಕ್ಕೂ ಮುಂಚೆ 12ನೆಯ ಶತಮಾನದಲ್ಲಿ ರಾಮಾನುಜರು ಚೋಳ ರಾಜನ ಕಿರುಕುಳದಿಂದ ಶ್ರೀರಂಗವನ್ನು ತೊರೆದು ಮೇಲುಕೋಟೆಗೆ ಬಂದು, ಅಲ್ಲಿ ಚೆಲುವನಾರಾಯಣನ ಪೂಜಾವ್ಯವಸ್ಥೆಯನ್ನು ರೂಪಿಸಿದ್ದರು.

ದಾಸ ಸಾಹಿತ್ಯದಲ್ಲಿ

ಕನ್ನಡದ ಹರಿದಾಸರು ಮಧ್ವಮತಾನುಯಾಯಿಗಳು. ಅವರ ಸಿದ್ಧಾಂತ ಬೇರೆಯಾದರೂ ದೈವದಲ್ಲಿ ಭಾರವಿಡುವ ಭಾವ ಅವರ ಕೀರ್ತನೆಗಳಲ್ಲಿಯೂ ಪ್ರಬಲವಾಗಿದೆ. ಕನಕದಾಸರು ಒಂದು ಕೀರ್ತನೆಯಲ್ಲಿ ಬೆಟ್ಟದ ತುದಿಯ ಮರವನ್ನೂ ಕಲ್ಲಿನಲ್ಲಿ ಹುಟ್ಟಿದ ಕಪ್ಪೆಯನ್ನೂ ಉದಾಹರಿಸಿ, ಅವನ್ನು ಪೊರೆಯುವವನು ನಮ್ಮನ್ನು ಕೈಬಿಡನೆಂದು ಮನಸ್ಸಿಗೆ ಸಮಾಧಾನ ಹೇಳುತ್ತಾರೆ.